ಉಳಿಸಿದ ನೀರು ಯಾರ ಪಾಲು?

ಬೇಸಿಗೆ ಹತ್ತಿರವಾದಂತೆ ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರೆಲ್ಲ ಒಂದೇ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಾರೆ: ಕಡಿಮೆ ಖರ್ಚಿನಲ್ಲಿ ಕುಂಡಗಳಿಗೆ ನೀರು ಹಾಯಿಸುವುದು ಹೇಗೆ? ಡ್ರಿಪ್ ಕಿಟ್ ಎಲ್ಲಿ ಅಗ್ಗ, ಪೈಪನ್ನು ಬಿಡಿಯಾಗಿ ಕೊಂಡರೆ ಎಷ್ಟು ಉಳಿಯುತ್ತದೆ, ಟೈಮರ್ ಬೇಕೇ ಬೇಡವೇ ಎಂದು ವಿಚಾರಿಸುತ್ತಾರೆ. ಮೇಲ್ನೋಟಕ್ಕೆ ಇದು ಅಂಗಡಿಯ ಮಾತು. ಆದರೆ ಈ ಪ್ರಶ್ನೆಯ ಅಡಿಯಲ್ಲಿ ಯಾರೂ ಎತ್ತದ ಇನ್ನೊಂದು ಪ್ರಶ್ನೆ ಇದೆ, ಮತ್ತು ಅದು ಧರ್ಮದ ಪ್ರಶ್ನೆ. ಉಳಿತಾಯ ಎಂಬುದು ತನ್ನಷ್ಟಕ್ಕೆ ತಾನೇ ಪುಣ್ಯದ ಕೆಲಸವೇ? ನಮ್ಮ ಮನೆಗಳಲ್ಲಿ ಹಾಗೆಂದೇ ಕಲಿಸುತ್ತಾ ಬಂದಿದ್ದಾರೆ. ಒಂದು ಚೊಂಬು ನೀರು ಚೆಲ್ಲಿದರೂ ಗದರುವ ಅಜ್ಜಿಯರು ಇರುವ ನಾಡು ಇದು. ಆದರೂ ಉಳಿಸಿದ್ದು ಕೊನೆಗೆ ಯಾರ ಕೈ ಸೇರಿತು ಎಂದು ಕೇಳದೆ ಉಳಿತಾಯವನ್ನು ಸದ್ಗುಣ ಎಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ವಾದ. ‘ನನಗೆ ಇಷ್ಟು ಸಾಕು’ ಎಂಬ ಮಿತಿಯನ್ನು ಮೊದಲು ಹಾಕಿಕೊಂಡವನ ಉಳಿತಾಯಕ್ಕೆ ಮಾತ್ರ ಧರ್ಮದ ತೂಕ ಬರುತ್ತದೆ. ಮಿತಿ ಇಲ್ಲದವನ ಉಳಿತಾಯ ಆಸೆಯ ಇನ್ನೊಂದು ರೂಪ ಅಷ್ಟೆ.

ಮೊದಲು ವಸ್ತುವನ್ನೇ ನೋಡೋಣ. ನಲವತ್ತು ಕುಂಡಗಳಿರುವ ಒಂದು ತಾರಸಿ ತೋಟಕ್ಕೆ ಬೇಕಾಗುವುದು ಬಹಳ ಕಡಿಮೆ ಸಾಮಾನು: ಟ್ಯಾಂಕಿನಿಂದ ಹೊರಡುವ 16 ಎಂಎಂ ಕಪ್ಪು ಪೈಪು, ಅದಕ್ಕೊಂದು ವಾಲ್ವು, ಕಸ ಹಿಡಿಯಲು ಒಂದು ಸಣ್ಣ ಫಿಲ್ಟರು, ಪೈಪಿನಿಂದ ಕುಂಡಕ್ಕೆ ಹೋಗುವ 4 ಎಂಎಂ ಕೊಳವೆ, ಕೊಳವೆಯ ತುದಿಗೆ ಡ್ರಿಪ್ಪರು, ಪೈಪಿನ ಕೊನೆಗೆ ಒಂದು ಮುಚ್ಚಳ. ಬಣ್ಣದ ಡಬ್ಬಿಯಲ್ಲಿ ಬರುವ ಕಿಟ್ಟಿನಲ್ಲಿರುವುದೂ ಇಷ್ಟೇ. ಕೃಷಿ ಸಾಮಾನಿನ ಅಂಗಡಿಯಲ್ಲಿ ರೈತರು ಕೊಳ್ಳುವಂತೆ ಮೀಟರ್ ಲೆಕ್ಕದಲ್ಲಿ ಪೈಪು, ಬಿಡಿ ಲೆಕ್ಕದಲ್ಲಿ ಡ್ರಿಪ್ಪರು ಕೊಂಡರೆ ಅದೇ ಕೆಲಸ ಸಾಕಷ್ಟು ಕಡಿಮೆಗೆ ಆಗುತ್ತದೆ. ದುಬಾರಿಯದೇ ಒಳ್ಳೆಯದು ಎನ್ನುವುದು ಇಲ್ಲಿ ನಿಲ್ಲುವ ಮಾತಲ್ಲ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಅದರಿಂದ ಸುಮಾರು ಒಂದು ಕೆ.ಜಿ. ಒತ್ತಡ ಸಿಗುತ್ತದೆ. ತಾರಸಿಯ ಮೇಲಿನ ಟ್ಯಾಂಕು ಕುಂಡಗಳಿಗಿಂತ ಎರಡು ಮೀಟರ್ ಎತ್ತರದಲ್ಲಿದ್ದರೆ ಅದರ ಐದನೆಯ ಒಂದು ಪಾಲು ಮಾತ್ರ. ಒತ್ತಡವನ್ನು ಸಮ ಮಾಡುವ ದುಬಾರಿ ಡ್ರಿಪ್ಪರುಗಳು ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಯಿಂದ ತಿರುಗಿಸಿ ಹೊಂದಿಸುವ ಸಾದಾ ಡ್ರಿಪ್ಪರು ಸಾಕು. ಕೊಳವೆಬಾವಿಯ ಗಡಸು ನೀರಿನಿಂದ ಡ್ರಿಪ್ಪರಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿಕೊಂಡರೆ ಹೊಸದು ಕೊಳ್ಳಬೇಕಿಲ್ಲ, ಒಂದು ರಾತ್ರಿ ನಿಂಬೆಉಪ್ಪಿನ ನೀರಿನಲ್ಲಿ ನೆನೆಹಾಕಿದರೆ ಕರಗುತ್ತದೆ. ಆಗಾಗ ಪೈಪಿನ ಕೊನೆಯ ಮುಚ್ಚಳ ತೆಗೆದು ಒಂದು ನಿಮಿಷ ನೀರು ಬಿಟ್ಟರೆ ಒಳಗಿನ ರಾಡಿ ಹೊರಗೆ ಬರುತ್ತದೆ. ಇನ್ನು ಪೈಪೇ ಬೇಡ ಎನ್ನುವವರಿಗೆ ಬಣ್ಣ ಬಳಿಯದ ಮಣ್ಣಿನ ಗಡಿಗೆ ಇದೆ. ಅದನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನೀರು ತುಂಬಿ ಬಾಯಿ ಮುಚ್ಚಿಟ್ಟರೆ ಗಡಿಗೆಯ ಮೈಯಿಂದ ಬೇರಿಗೆ ಬೇಕಾದಷ್ಟೇ ನೀರು ಜಿನುಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಫಾನ್ ಶೆಂಗ್‌ಚಿ ಬರೆದ ಕೃಷಿ ಗ್ರಂಥದಲ್ಲೇ ಈ ವಿಧಾನದ ವಿವರ ಇದೆ.

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರು ಹದಿನೈದು ನಿಮಿಷದಲ್ಲಿ ಅರ್ಧ ಲೀಟರ್ ಕೊಡುತ್ತದೆ. ನಲವತ್ತು ಕುಂಡಗಳಿಗೆ 20 ಲೀಟರ್. ಅದೇ ತೋಟಕ್ಕೆ ರಬ್ಬರ್ ಪೈಪು ಹಿಡಿದು ನಿಂತರೆ, ನಿಮಿಷಕ್ಕೆ 10 ಲೀಟರ್ ಹರಿವಿನಲ್ಲಿ ಹತ್ತು ನಿಮಿಷಕ್ಕೆ 100 ಲೀಟರ್ ಹೋಗುತ್ತದೆ. ದಿನಕ್ಕೆ 80 ಲೀಟರ್ ಎಂದರೆ ತಿಂಗಳಿಗೆ 2,400 ಲೀಟರ್ ಉಳಿತಾಯ. ಹಣದಲ್ಲಿ ಇದು ಎಷ್ಟಾಗುತ್ತದೆ? 2014ರಿಂದ 2025ರ ಏಪ್ರಿಲ್‌ವರೆಗೆ ಬೆಂಗಳೂರು ಜಲಮಂಡಳಿ ಮನೆ ಸಂಪರ್ಕದ ಮೊದಲ 8,000 ಲೀಟರ್‌ಗೆ ಹಾಕುತ್ತಿದ್ದ ದರ ಸಾವಿರ ಲೀಟರ್‌ಗೆ 7 ರೂಪಾಯಿ. ಆ ದರದಲ್ಲಿ ತಿಂಗಳ ಉಳಿತಾಯ 17 ರೂಪಾಯಿ. ಅದೇ ನೀರು ಟ್ಯಾಂಕರಿನಲ್ಲಿ ಬಂದರೆ? 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರ ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಆ ಲೆಕ್ಕದಲ್ಲಿ 240 ರೂಪಾಯಿ. ನಲ್ಲಿ ಇದ್ದ ಮನೆಯವರು ಹದಿನೇಳು ರೂಪಾಯಿಗೆ ಚೆಲ್ಲುತ್ತಿದ್ದ ನೀರನ್ನು ನಲ್ಲಿ ಇಲ್ಲದ ಬಡಾವಣೆಯವರು ಅದೇ ಊರಿನಲ್ಲಿ ಇನ್ನೂರ ನಲವತ್ತು ಕೊಟ್ಟು ಕೊಳ್ಳುತ್ತಿದ್ದರು. ಆ ನಲ್ಲಿಯ ನೀರು ಬರುವುದಾದರೂ ಎಲ್ಲಿಂದ? ಕಾವೇರಿಯಿಂದ, ತೊರೆಕಾಡನಹಳ್ಳಿಯ ಕಡೆಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪ್ ಮಾಡಿಸಿಕೊಂಡು. ಸುಡುವ ವಿದ್ಯುತ್ತು, ನದಿಯ ಇಕ್ಕೆಲದ ರೈತರ ಪಾಲು, ಎರಡು ರಾಜ್ಯಗಳ ವ್ಯಾಜ್ಯ, ಇವು ಯಾವುವೂ ಆ ಏಳು ರೂಪಾಯಿಯೊಳಗೆ ಕಾಣುತ್ತಿರಲಿಲ್ಲ. ಹಣ ಉಳಿಸುವ ದೃಷ್ಟಿಯೊಂದೇ ಇದ್ದರೆ ನಲ್ಲಿ ನೀರಿರುವವರು ಡ್ರಿಪ್ ಹಾಕಿಸಲೇಬಾರದು. ಪೈಪಿಗೆ ಕೊಟ್ಟ ದುಡ್ಡು ಹುಟ್ಟಲು ವರ್ಷಗಳು ಹಿಡಿಯುತ್ತವೆ. ನೀರಿನ ಬೆಲೆ ನೀರಿನ ಮೌಲ್ಯವನ್ನು ಹೇಳದ ಕಡೆ, ನೀರು ಉಳಿಸಲು ಬೇರೆ ಕಾರಣವನ್ನೇ ಹುಡುಕಬೇಕು.

ಆ ಕಾರಣವನ್ನು ಧರ್ಮಗಳು ಬಹಳ ಹಿಂದೆಯೇ ಹೇಳಿವೆ, ಅದೂ ಕೊರತೆಯ ಮಾತೆತ್ತದೆ. ಜೈನ ಶ್ರಾವಕರ ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವೆಲ್ಲವನ್ನೂ ಪ್ರಮಾದದ ನಡತೆ ಎಂದು ಒಂದೇ ಕಡೆ ಸೇರಿಸುತ್ತದೆ. ಗೃಹಸ್ಥನು ನೀರು ಬಳಸಬಾರದೆಂದು ಅದು ಹೇಳುವುದಿಲ್ಲ; ಯಾವ ಕಾರಣಕ್ಕೆ ಬಳಸುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರಬೇಕು ಎನ್ನುತ್ತದೆ. ಇಬ್ನ್ ಮಾಜಾ ಸಂಗ್ರಹದ ಹದೀಸೊಂದರಲ್ಲಿ ನಮಾಜಿಗೆ ಮುಂಚೆ ವುಜೂ ಮಾಡುತ್ತಿದ್ದ ಶಿಷ್ಯನನ್ನು ಕಂಡು ಪ್ರವಾದಿಗಳು ಇದೇನು ದುಂದು ಎಂದು ಕೇಳುತ್ತಾರೆ. ಶುದ್ಧಿಯಲ್ಲಿಯೂ ದುಂದು ಇದೆಯೇ ಎಂದು ಅವನು ಕೇಳಿದಾಗ, ಹರಿಯುವ ನದಿಯ ದಂಡೆಯಲ್ಲಿ ನಿಂತಿದ್ದರೂ ಇದೆ ಎಂಬ ಉತ್ತರ ಬರುತ್ತದೆ. ಹರಿಯುವ ನದಿಯಲ್ಲಿ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ, ಬಳಸಿದ್ದು ಮರಳಿ ನದಿಗೇ ಸೇರುತ್ತದೆ. ಆದರೂ ದುಂದು ದುಂದೇ. ಅಂದರೆ ತಪ್ಪು ಇರುವುದು ಕಳೆದುಹೋದ ನೀರಿನ ಪ್ರಮಾಣದಲ್ಲಿ ಮಾತ್ರವಲ್ಲ, ಗಮನವಿಲ್ಲದ ಕೈಯಲ್ಲೂ ಇದೆ. ಕಾವೇರಿ ತುಂಬಿ ಹರಿಯುವ ವರ್ಷವೂ ಈ ಮಾತು ಸುಳ್ಳಾಗದು. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಎಂದು ಸಾರಿದಾಗ ಎಚ್ಚೆತ್ತವರಲ್ಲಿ ಎಷ್ಟೋ ಮಂದಿ ಮಳೆ ಬಂದೊಡನೆ ಪೈಪು ಬಿಚ್ಚಿ ಪಕ್ಕಕ್ಕಿಟ್ಟಿರಬಹುದು. ದಂಡದ ಭಯ ಕೊರತೆಯ ಜೊತೆಗೇ ಬಂದು ಕೊರತೆಯ ಜೊತೆಗೇ ಹೋಗುತ್ತದೆ. ವ್ರತದ ಕೆಲಸ ಅದಲ್ಲ.

ಇಲ್ಲಿಯವರೆಗೆ ಉಳಿತಾಯದ ಪರವಾಗಿಯೇ ಹೇಳಿದಂತಾಯಿತು. ಕಷ್ಟ ಶುರುವಾಗುವುದು ಇದರ ಮುಂದೆ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಅಹಿತಕರ ಸತ್ಯವನ್ನು ಎತ್ತಿ ತೋರಿಸಿದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಂತೆ ದೇಶದ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಯಂತ್ರ ಅಗ್ಗವಾಗಿ ಓಡುತ್ತದೆಂದರೆ ಇನ್ನಷ್ಟು ಯಂತ್ರ ಇಡುತ್ತಾರೆ. ಹನಿ ನೀರಾವರಿಯಲ್ಲೂ ಹೀಗೆಯೇ ಆಗಬಲ್ಲದು. ಒಂದು ಎಕರೆಗೆ ಸಾಲುತ್ತಿದ್ದ ಕೊಳವೆಬಾವಿ ಡ್ರಿಪ್ ಬಂದ ಮೇಲೆ ಎರಡು ಎಕರೆಗೆ ಸಾಲುತ್ತದೆ ಎಂದು ಕಂಡ ರೈತ ಎರಡನೆಯ ಎಕರೆಯನ್ನೂ ಹೂಡುತ್ತಾನೆ. ನೆಲದಡಿಯ ನೀರು ಮೊದಲಿನಷ್ಟೇ ಇಳಿಯುತ್ತದೆ, ಕೆಲವೊಮ್ಮೆ ಹೆಚ್ಚೇ. ರೈತನಿಗೆ ಅದು ಜೀವನದ ಪ್ರಶ್ನೆ, ಅವನನ್ನು ದೂರಲಾಗದು. ತಾರಸಿ ತೋಟದ ಮಾತು ಬೇರೆ. ಅಲ್ಲಿ ಉಳಿದ ಹಣ ಇನ್ನೊಂದಷ್ಟು ಕುಂಡವಾಗುತ್ತದೆ, ಉಳಿದ ಸಮಯ ಇನ್ನೊಂದು ತಳಿಯ ದಾಸವಾಳವಾಗುತ್ತದೆ, ನಲವತ್ತು ಇದ್ದದ್ದು ನೂರಾಗುತ್ತದೆ. ಹೆಚ್ಚು ಗಿಡ ಬೆಳೆದರೆ ತಪ್ಪೇನು, ತರಕಾರಿ ಬಂತಲ್ಲ, ನೆರಳಾಯಿತಲ್ಲ, ಜೇನು ಬಂತಲ್ಲ ಎಂದು ಕೇಳಬಹುದು. ತಪ್ಪೇನೂ ಇಲ್ಲ. ಗಿಡ ಬೆಳೆಸುವುದು ಒಳ್ಳೆಯದೇ, ಬೆಳೆಸಲಿ. ಆದರೆ ಅದನ್ನು ಉಳಿತಾಯ ಎಂದು ಕರೆದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಾರದು. ಅದು ಖರ್ಚು, ಇನ್ನೊಂದು ಕಡೆಗೆ ತಿರುಗಿಸಿದ ಖರ್ಚು.

ಕನ್ನಡ ನಾಡಿನಲ್ಲಿ ಈ ಕಷ್ಟಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟವಳು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನ ಕಾಯಕ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಅವರ ಸಂಸಾರ, ಅದರಿಂದಲೇ ಅವರ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಕಂಡು ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಆಸೆ ಬಿಡುವ ಪಾಠವಾಗಿ ಹೇಳುತ್ತಾರೆ. ಅದಕ್ಕಿಂತ ಸೂಕ್ಷ್ಮವಾದದ್ದು ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಮಾರಯ್ಯ ಮಾಡುತ್ತಿದ್ದ ಕೆಲಸವೇ ಉಳಿತಾಯ: ಚೆಲ್ಲಿ ಹಾಳಾಗುವ ಕಾಳನ್ನು ಆಯುವುದು. ಯಾರಿಂದಲೂ ಕಸಿದದ್ದಲ್ಲ, ಯಾರಿಗೂ ನಷ್ಟವಿಲ್ಲ. ಅಂಥ ಶುದ್ಧವಾದ ಉಳಿತಾಯದಲ್ಲೂ ಲಕ್ಕಮ್ಮ ಒಂದು ಗೆರೆ ಎಳೆದಳು. ಇಂದಿನ ದಾಸೋಹಕ್ಕೆ ಎಷ್ಟು ಬೇಕು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅದರಾಚೆಯದು ಆಯ್ದದ್ದೇ ಆದರೂ ಅವರದಲ್ಲ. ಮಿತಿಯ ಮಾತು ಉಳ್ಳವರಿಗೆ ಮಾತ್ರ, ಇಲ್ಲದವರಿಗೆ ಅದನ್ನು ಬೋಧಿಸುವುದು ಅನ್ಯಾಯ ಎಂದು ಹೇಳುವವರಿದ್ದಾರೆ. ಬಡವರಿಗೆ ಬೇರೆಯವರು ಬೋಧಿಸಿದರೆ ಅದು ಅನ್ಯಾಯವೇ ಹೌದು. ಆದರೆ ಇಲ್ಲಿ ಗೆರೆ ಎಳೆದವಳು ಅಕ್ಕಿ ಆಯ್ದು ಬದುಕುವ ಮನೆಯ ಹೆಂಗಸು. ಅವಳಿಗೆ ಸಾಧ್ಯವಾದದ್ದು ತಾರಸಿಯೂ ಟ್ಯಾಂಕೂ ಇರುವವರಿಗೆ ಭಾರವೆನಿಸಬೇಕಾಗಿಲ್ಲ.

ಬೌದ್ಧರ ಚುಲ್ಲವಗ್ಗದಲ್ಲಿ ಇದಕ್ಕೆ ಜೊತೆಯಾಗಿ ಇಡಬಹುದಾದ ಪ್ರಸಂಗ ಬರುತ್ತದೆ. ತನ್ನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ ಐನೂರು ಮೇಲುವಸ್ತ್ರಗಳನ್ನು ದಾನ ಕೊಟ್ಟರೆಂದು ಕೇಳಿ ಉದಯನ ರಾಜನಿಗೆ ಅನುಮಾನ ಬರುತ್ತದೆ: ಈ ಭಿಕ್ಷು ಬಟ್ಟೆ ಅಂಗಡಿ ತೆರೆಯುತ್ತಾನೋ? ಅವನೇ ಬಂದು ವಿಚಾರಿಸುತ್ತಾನೆ. ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇನೆ ಎಂಬುದು ಆನಂದನ ಮೊದಲ ಉತ್ತರ. ಹಳೆಯ ಚೀವರವನ್ನೇನು ಮಾಡುತ್ತೀರಿ ಎಂದು ರಾಜ ಬಿಡದೆ ಕೇಳುತ್ತಾ ಹೋಗುತ್ತಾನೆ. ಹಳೆಯದು ಹೊದಿಕೆಯಾಗುತ್ತದೆ, ಹೊದಿಕೆ ಹಾಸಿಗೆಯ ಗವಸಾಗುತ್ತದೆ, ಅದು ನೆಲಹಾಸಾಗುತ್ತದೆ, ಆಮೇಲೆ ಕಾಲೊರಸು, ಆಮೇಲೆ ಧೂಳು ಹೊಡೆಯುವ ಬಟ್ಟೆ, ಕೊನೆಗೆ ಚೂರುಚೂರು ಮಾಡಿ ಮಣ್ಣಿನೊಡನೆ ಕಲಸಿ ನೆಲ ಸಾರಿಸುತ್ತೇವೆ. ರಾಜನಿಗೆ ಸಂತೋಷವಾಗಿ ಇನ್ನೂ ಐನೂರು ಕೊಡುತ್ತಾನೆ. ಉತ್ತರಗಳ ಕ್ರಮ ಇಲ್ಲಿ ಮುಖ್ಯ. ಹಂಚಿಕೆ ಮೊದಲು, ಮಿತಬಳಕೆ ಅದರ ಹಿಂದೆ. ಐನೂರನ್ನೂ ತಾನೇ ಇಟ್ಟುಕೊಂಡು ಕಾಲೊರಸಿನವರೆಗೆ ಜೋಪಾನವಾಗಿ ಬಳಸುತ್ತೇನೆ ಎಂದಿದ್ದರೆ ರಾಜನ ಅನುಮಾನ ಹಾಗೇ ಉಳಿಯುತ್ತಿತ್ತು, ಉಳಿಯಬೇಕಾಗಿಯೂ ಇತ್ತು.

ಇನ್ನೊಂದು ಆಕ್ಷೇಪ ಗಿಡಗಳನ್ನು ನಿಜವಾಗಿ ಪ್ರೀತಿಸುವವರದು. ತೋಟ ಎಂದರೆ ಮಮತೆ, ಮಮತೆಯನ್ನು ಲೀಟರಿನಲ್ಲಿ ಅಳೆಯುತ್ತಾರೆಯೇ ಎಂದು ಅವರು ಕೇಳುತ್ತಾರೆ. ಈ ಮಾತಿಗೆ ನನಗೆ ಗೌರವವಿದೆ, ಒಪ್ಪಿಗೆ ಇಲ್ಲ. ಕುಂಡದಲ್ಲಿ ಬೇರು ಕೊಳೆತು ಸಾಯುವ ತುಳಸಿ ಸಾಮಾನ್ಯವಾಗಿ ನೀರು ಹೆಚ್ಚಾಗಿಯೇ ಸಾಯುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನು ನೀರು ತುಂಬಿದರೆ ಬೇರಿಗೆ ಉಸಿರಾಡಲಾಗುವುದಿಲ್ಲ. ಮೇಲಿನ ಎಲೆ ಬಾಡಿದ್ದು ಕಂಡು ಬಾಯಾರಿದೆ ಎಂದುಕೊಂಡು ಇನ್ನೊಂದು ಚೊಂಬು ಹಾಕುತ್ತಾರೆ. ತಳದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ತೇವ ನೋಡಿ ಆಮೇಲೆ ನೀರು ಹಾಕುವವರ ಮಮತೆ ಕಡಿಮೆಯದಲ್ಲ. ಭಕ್ತಿಗೂ ಅಳತೆ ಹೊಸದಲ್ಲ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ತಳದಲ್ಲಿರುವುದು ಒಂದು ಸಣ್ಣ ರಂಧ್ರ. ಅದರಿಂದ ಇಳಿಯುವುದು ಹನಿ. ಪ್ರೀತಿ ಇರುವ ಕಡೆಯೇ ಇಂಥ ತಾಳ್ಮೆಯ ಅಳತೆಯೂ ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸುಳ್ಳು ಉಳಿತಾಯದ ಬಗ್ಗೆಯೂ ಕಟುವಾಗಿಯೇ ಹೇಳಬೇಕು. ಆಸ್ಪತ್ರೆಯಲ್ಲಿ ಬಳಸಿದ ಸಲೈನ್ ಕೊಳವೆಗಳನ್ನು ತಂದು ಕುಂಡಕ್ಕೆ ಕಟ್ಟುವ ಉಪಾಯ ಆಗಾಗ ಕೇಳಿಬರುತ್ತದೆ. ಪುಕ್ಕಟೆ ಎನ್ನುವುದು ಅದರ ಆಕರ್ಷಣೆ. ಬಳಸಿದ ಸಲೈನ್ ಸೆಟ್ಟು 2016ರ ನಿಯಮಗಳ ಪ್ರಕಾರ ಜೈವಿಕ ವೈದ್ಯಕೀಯ ತ್ಯಾಜ್ಯ. ಅದು ಪ್ರತ್ಯೇಕವಾಗಿ ಸಂಸ್ಕರಣೆಗೆ ಹೋಗಬೇಕಾದದ್ದು. ಅದನ್ನು ಮನೆಗೆ ತಂದವನ ಉಳಿತಾಯದ ಅಪಾಯವನ್ನು ನಾಳೆ ಕಸ ಆಯುವವಳ ಬೆರಳುಗಳು ಹೊರುತ್ತವೆ. ಪಾರದರ್ಶಕ ಕೊಳವೆಯೂ ಹಾಗೆಯೇ ಮೋಸ ಮಾಡುತ್ತದೆ: ಬೆಳಕು ಒಳಹೋಗಿ ಪಾಚಿ ಕಟ್ಟಿ ಡ್ರಿಪ್ಪರು ಮುಚ್ಚಿಕೊಳ್ಳುತ್ತದೆ. ಬಿಸಿಲು ತಾಳದ ತೆಳು ಪೈಪು ಬೇಗ ಸೀಳಿ ಕಸದ ಗಾಡಿ ಸೇರುತ್ತದೆ. ಇಲ್ಲೆಲ್ಲ ಉಳಿಸಿದವರು ಒಬ್ಬರು, ತೆತ್ತವರು ಮತ್ತೊಬ್ಬರು. ಉಳಿಸಿದ್ದು ಯಾರ ಕೈ ಸೇರಿತು ಎಂಬ ಪ್ರಶ್ನೆಗೆ, ಅದನ್ನು ಯಾರ ಕೈಯಿಂದ ತೆಗೆದೆವು ಎಂಬ ಪ್ರಶ್ನೆಯೂ ಅಂಟಿಕೊಂಡೇ ಇರುತ್ತದೆ.

ಇಷ್ಟು ದೊಡ್ಡ ನಗರದಲ್ಲಿ, ದಾರಿಯಲ್ಲೇ ಸೋರಿಹೋಗುವ ಕೊಳವೆಮಾರ್ಗಗಳಿರುವಾಗ, ನಲವತ್ತು ಕುಂಡದವರ ಮೇಲೆ ಧರ್ಮದ ಭಾರ ಹೊರಿಸುವುದೇಕೆ ಎಂಬ ಮಾತಿಗೂ ಉತ್ತರ ಕೊಡಬೇಕು. ವ್ಯಕ್ತಿಯ ವ್ರತ ಸರ್ಕಾರದ ಕೆಲಸಕ್ಕೆ ಬದಲಿಯಲ್ಲ; ಸೋರುವ ಪೈಪನ್ನು ಮಂಡಳಿಯೇ ಸರಿಪಡಿಸಬೇಕು, ಅದನ್ನು ಕೇಳುವ ಹಕ್ಕು ಎಲ್ಲರದು. ಆದರೆ ನಮ್ಮ ಪರಂಪರೆಯಲ್ಲಿ ನೀರಿನ ಧರ್ಮ ಎಂದರೆ ಒಬ್ಬೊಬ್ಬರೂ ಮನೆಯೊಳಗೆ ಕೂತು ಉಳಿಸುವುದಷ್ಟೇ ಆಗಿರಲಿಲ್ಲ. ಕೆರೆ ಬಾವಿ ತೋಪುಗಳನ್ನು ಮಾಡಿಸುವುದನ್ನು ಪೂರ್ತ ಎಂದು ಕರೆದು ಯಜ್ಞದ ಪಕ್ಕದಲ್ಲೇ ಇಟ್ಟರು. ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆಗಳು ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡಿಕೊಂಡು ಬಂದವರಿಗೆ ಬಿಟ್ಟ ಭೂಮಿಯ ದಾಖಲೆಗಳು. ಹೂಳು ತೆಗೆಯಲು, ಏರಿ ಭದ್ರಪಡಿಸಲು ವರ್ಷ ವರ್ಷವೂ ಖರ್ಚಿದೆ ಎಂಬುದನ್ನು ಅವರು ಮರೆಯಲಿಲ್ಲ. ಒಬ್ಬರ ಮನೆಯ ಉಳಿತಾಯ ಎಲ್ಲರ ನೀರಿಗೆ ತಲುಪುವ ದಾರಿಯೊಂದನ್ನು ಆ ವ್ಯವಸ್ಥೆ ಕಟ್ಟಿಕೊಟ್ಟಿತ್ತು. ನಮಗೆ ಇಂದು ಇಲ್ಲದಿರುವುದು ಆ ದಾರಿ.

ದಾರಿ ತೀರಾ ಮುಚ್ಚಿಹೋಗಿಲ್ಲ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 97 ಸಾವಿರ ಲೀಟರ್. ಮುಕ್ಕಾಲು ಪಾಲು ಹಿಡಿದರೂ 70 ಸಾವಿರ ದಾಟುತ್ತದೆ. ದಿನಕ್ಕೆ 20 ಲೀಟರ್ ಕುಡಿಯುವ ತೋಟಕ್ಕೆ ವರ್ಷಕ್ಕೆ ಬೇಕಾದದ್ದು 7,300 ಲೀಟರ್, ಅಂದರೆ ಹತ್ತರಲ್ಲೊಂದು ಪಾಲು. ಬಿರುಬಿಸಿಲಿನ ನಾಲ್ಕು ತಿಂಗಳು ಇಮ್ಮಡಿ ಬೇಕಾದರೂ ಆ ನಾಲ್ಕು ತಿಂಗಳ ಖರ್ಚು 5,000 ಲೀಟರ್ ಒಳಗೇ ಮುಗಿಯುತ್ತದೆ. ಒಂದು ಸಾಧಾರಣ ಸಂಪು ಅಷ್ಟನ್ನು ಹಿಡಿಯುತ್ತದೆ. ಮಿಕ್ಕ ಒಂಬತ್ತು ಪಾಲು ಇಂಗುಗುಂಡಿಯ ಮೂಲಕ ನೆಲಕ್ಕೆ ಇಳಿದರೆ ಅದಕ್ಕೆ ಗೋಡೆಯ ಆಚೆ ಈಚೆ ಎಂಬುದಿಲ್ಲ. ಪಕ್ಕದ ಬೀದಿಯ ಕೊಳವೆಬಾವಿಯವರಿಗೂ ಅದು ಸಿಗುತ್ತದೆ. ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಲಾಯಿತು. ಚಿಕ್ಕ ನಿವೇಶನದವರೂ ಮಾಡಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಆದ್ದರಿಂದ ಈ ಬೇಸಿಗೆಗೆ ಡ್ರಿಪ್ ಸಾಮಾನು ಕೊಳ್ಳಲು ಹೊರಡುವವರಲ್ಲಿ ಒಂದು ಕೋರಿಕೆ. ಅಂಗಡಿಗೆ ಹೋಗುವ ಮುನ್ನ ನಿಮ್ಮ ತೋಟದಲ್ಲಿ ಎಷ್ಟು ಕುಂಡ ಇರಬೇಕು ಎಂದು ತೀರ್ಮಾನಿಸಿ ಆ ಸಂಖ್ಯೆಯನ್ನು ಬರೆದಿಡಿ. ಒಂದು ವಾರ ಬಕೆಟ್ಟಿನಲ್ಲಿ ಅಳೆದು ನೀರು ಹಾಕಿ, ಗಿಡಕ್ಕೆ ನಿಜವಾಗಿ ಎಷ್ಟು ಸಾಕು ಎಂದು ನೋಡಿ. ಕುಂಡದ ಮಣ್ಣಿನ ಮೇಲೆ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಿ, ಅಕ್ಕಿ ತೊಳೆದ ನೀರನ್ನು ಗಿಡಕ್ಕೇ ಹಾಕಿ. ಆಮೇಲೆ ಬೇಕಾದಷ್ಟೇ ಪೈಪು ಬಿಡಿಯಾಗಿ ಕೊಳ್ಳಿ. ಹಾಗೆ ಉಳಿದ ದುಡ್ಡಿನಿಂದ ನಲವತ್ತೊಂದನೆಯ ಕುಂಡ ತರಬೇಡಿ. ತಾರಸಿಯ ಮಳೆಕೊಳವೆಗೆ ಒಂದು ಫಿಲ್ಟರು ಕೂರಿಸಿ, ಅದು ಈಗಾಗಲೇ ಇದ್ದರೆ ನಿಮ್ಮ ಬೀದಿಯ ಇಂಗುಗುಂಡಿಯ ಹೂಳು ತೆಗೆಸಲು ಕೊಡಿ.